ಮನೆವಾರ್ತೆಯ ಮಾತು: ದೊಡ್ಡ ಬ್ಯಾಂಕಿನಲ್ಲಿ ಹತ್ತು ವಾರದ ಉಮೇದುವಾರಿ

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವ ಮಕ್ಕಳಿರುವರಷ್ಟೆ. ಮೂರನೆಯ ವರ್ಷದ ಪರೀಕ್ಷೆಗಳು ಸಮೀಪಿಸಿದುವೆಂದರೆ ಆ ಮನೆಗಳಲ್ಲಿ ಬಂಧುಗಳೂ ನೆರೆಯವರೂ ಕೇಳುವ ಪ್ರಶ್ನೆ ಒಂದೇ: “ಮಗುವಿಗೆ ಇಂಟರ್ನ್‌ಷಿಪ್ ಸಿಕ್ಕಿತೆ?” ಶಬ್ದವು ಹೊಸದಾದರೂ ಪದ್ಧತಿಯು ಹಳೆಯದೇ. ನಮ್ಮ ಹಿರಿಯರ ಕಾಲದ ಕಚೇರಿಗಳಲ್ಲಿ ಉಮೇದುವಾರಿ ಎಂಬುದೊಂದಿತ್ತು. ಹುಡುಗನು ಹಿರಿಯ ಗುಮಾಸ್ತೆಯ ಪಕ್ಕದಲ್ಲಿ ಕುಳಿತು, ಸಂಬಳವಿಲ್ಲದೆ ಕಾಗದಪತ್ರಗಳನ್ನು ನಕಲುಮಾಡುತ್ತ, ಜಾಗ ಖಾಲಿಯಾಗುವುದನ್ನು ಕಾಯುತ್ತ ಕೆಲಸ ಕಲಿಯುತ್ತಿದ್ದನು. ಈಗಿನ ದೊಡ್ಡ ಸಂಸ್ಥೆಗಳ ಉಮೇದುವಾರಿಯಲ್ಲಿ ಸಂಬಳವುಂಟು, ಅವಧಿಯು ಗೊತ್ತಾಗಿರುವುದು, ಹುಡುಗಿಯರಿಗೂ ಹುಡುಗರಂತೆಯೇ ಸ್ಥಾನವುಂಟು. ಜಾಗವನ್ನು ಕಾಯುವುದೊಂದು ಮಾತ್ರ ಅಂದಿನಂತೆಯೇ ಇರುವುದು.

೨೦೨೫ರ ಬೇಸಗೆಯಲ್ಲಿ, ಹಾಸನದಲ್ಲಿ ಓದುತ್ತಿರುವ ನಮ್ಮ ತಂಗಿಯ ಮಗಳು ಇಂತಹ ಉಮೇದುವಾರಿಗಾಗಿ ಬೆಂಗಳೂರಿಗೆ ಬಂದು ಹತ್ತು ವಾರ ನಮ್ಮ ಮನೆಯಲ್ಲಿದ್ದಳು. ಆಕೆಗೆ ಕೆಲಸ ದೊರೆತದ್ದು ಹೊರದೇಶದ ಒಂದು ದೊಡ್ಡ ಬ್ಯಾಂಕಿನ ಕಂಪ್ಯೂಟರು ವಿಭಾಗದಲ್ಲಿ. ಆಕೆಯು ಅಲ್ಲಿ ಕಂಡುದನ್ನೂ ಕಲಿತುದನ್ನೂ, ಬ್ಯಾಂಕಿನ ಗುಟ್ಟುಗಳನ್ನು ಬಿಟ್ಟು ಹೇಳಬಹುದಾದಷ್ಟನ್ನು, ಆಕೆಯ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿರುವೆವು. ಈ ವೃತ್ತಾಂತದಲ್ಲಿ ಆಕೆಯದೊಂದು ತಪ್ಪು ಇದೆ. ನಮ್ಮದೂ ಒಂದು ಇದೆ. ನಮ್ಮದು ದೊಡ್ಡದೆಂದು ನಾವು ತಿಳಿದಿದ್ದೇವೆ. ಅದು ಹೇಗೆಂಬುದನ್ನು ವಾಚಕರೇ ಮುಂದೆ ನೋಡುವರು.

ಮೊದಲನೆಯ ದಿನ ಮಗಳನ್ನು ಬಿಟ್ಟುಹೋಗಲು ಬಂದಿದ್ದ ನಮ್ಮ ತಂಗಿಯು ಆ ಕಟ್ಟಡದ ಬಾಗಿಲವರೆಗೆ ಹೋಗಿಬಂದು, “ಅಣ್ಣ, ಅದೆಂತಹ ಬ್ಯಾಂಕು? ಹಣ ಕಟ್ಟುವ ಕಿಟಕಿಯೇ ಕಾಣಲಿಲ್ಲವಲ್ಲ!” ಎಂದಳು. ಅವಳು ಬೆರಗಾದುದು ಸಹಜವೇ. ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳ ಬ್ಯಾಂಕುಗಳು ಬೆಂಗಳೂರಿನಲ್ಲಿ ನಡೆಸುವ ಇಂತಹ ಕಾರ್ಯಾಲಯಗಳಲ್ಲಿ ಹಣ ಕಟ್ಟುವವರೂ ಇಲ್ಲ, ಪಡೆಯುವವರೂ ಇಲ್ಲ, ತಿಜೋರಿಯೂ ಇಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಅಮೆರಿಕದ ಸಂಸ್ಥೆಯು ಇಲ್ಲಿಗೆ ಬಂದುದು ೨೦೦೪ರಲ್ಲಿ. ಅದರ ಹಿಂದುಮುಂದಿನ ವರ್ಷಗಳಲ್ಲಿ ಮತ್ತೆಷ್ಟೋ ಬ್ಯಾಂಕುಗಳು ಬಂದುವು. ನ್ಯೂಯಾರ್ಕಿನಲ್ಲಿಯೋ ಲಂಡನ್ನಿನಲ್ಲಿಯೋ ಒಬ್ಬನು ಮತ್ತೊಬ್ಬನಿಗೆ ಹಣ ಕಳುಹಿದರೆ, ಆ ಹಣವನ್ನು ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಜಮೆಮಾಡುವ ಪ್ರೋಗ್ರಾಮುಗಳಲ್ಲಿ ಹಲವನ್ನು ಬರೆಯುವವರೂ ಕಾಯುವವರೂ ಇಲ್ಲಿ ಕುಳಿತಿರುವರು.

ಹುಡುಗಿಯ ದಿನಚರಿಯು ಹೀಗಿತ್ತು. ಬೆಳಗ್ಗೆ ಏಳೂವರೆಗೆ ಬಸವನಗುಡಿಯಿಂದ ಹೊರಟು, ಬನಶಂಕರಿಯಲ್ಲಿ ಹೊರವರ್ತುಲ ರಸ್ತೆಯ ಬಸ್ಸನ್ನು ಹಿಡಿದು, ವಾಹನಗಳ ಸಂದಣಿಯನ್ನು ಅನುಸರಿಸಿ ಒಂದೂವರೆ ಗಂಟೆಗೋ ಎರಡು ಗಂಟೆಗೋ ಕಾರ್ಯಾಲಯವನ್ನು ಸೇರುವಳು. ಬಾಗಿಲಲ್ಲಿ ಗುರುತಿನ ಚೀಟಿ. ಒಳಗೆ ಬ್ಯಾಂಕಿನವರೇ ಕೊಟ್ಟ ಲ್ಯಾಪ್‌ಟಾಪು. ಅದಕ್ಕೆ ಪೆನ್‌ಡ್ರೈವು ಮೊದಲಾದುವನ್ನು ಸಿಕ್ಕಿಸಿದರೆ ಅದು ಸ್ವೀಕರಿಸದು. ಒಳಗಿನ ಯಾವ ಚಿತ್ರವನ್ನೂ ತೆಗೆಯಕೂಡದು. ಉಮೇದುವಾರರಿಗೆ ನಿಜವಾದ ಗಿರಾಕಿಗಳ ಲೆಕ್ಕವನ್ನು ತೋರಿಸುವುದಿಲ್ಲ. ಹೆಸರುಗಳನ್ನೂ ಅಂಕಿಗಳನ್ನೂ ಬದಲುಮಾಡಿದ, ತಾಲೀಮಿಗೆಂದೇ ಸಿದ್ಧಪಡಿಸಿದ ಲೆಕ್ಕದ ಮೇಲೆ ಅವರು ಕೆಲಸ ಮಾಡಬೇಕು. ನಮ್ಮ ಮನೆಯಾಕೆಯು ಊಟಕ್ಕೆ ಬಡಿಸುತ್ತ, “ಇವತ್ತು ಏನು ಮಾಡಿದೆ?” ಎಂದು ಕೇಳಿದರೆ ಹುಡುಗಿಯು ಮೊದಮೊದಲು, “ಹೇಳುವ ಹಾಗಿಲ್ಲ ಅತ್ತೆ” ಎಂದು ನಗುತ್ತಿದ್ದಳು. ಆಕೆಯ ಆ ಸಂಯಮವು ನಮಗೆ ಮೆಚ್ಚಿಗೆಯಾಯಿತು.

ಮೊದಲನೆಯ ವಾರವೆಲ್ಲ ಪಾಠಗಳು. ಆ ಪಾಠಗಳಲ್ಲಿ ಆಕೆಯ ಮನಸ್ಸಿನಲ್ಲಿ ನಿಂತವು, ಪ್ರೋಗ್ರಾಮುಗಳ ಸಣ್ಣ ಲೋಪಗಳಿಂದ ದೊಡ್ಡ ಹಾನಿಯಾದ ಸಂಗತಿಗಳು. ೨೦೧೨ರ ಆಗಸ್ಟ್ ೧ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯಲ್ಲಿ ಎಂಟು ಯಂತ್ರಗಳ ಪೈಕಿ ಒಂದಕ್ಕೆ ಹೊಸ ಪ್ರೋಗ್ರಾಮನ್ನು ಹಾಕುವುದು ತಪ್ಪಿಹೋಯಿತು. ಆ ಒಂದು ಯಂತ್ರದಲ್ಲಿ ವರ್ಷಗಳಿಂದ ನಿದ್ರಿಸುತ್ತಿದ್ದ ಹಳೆಯ ಪ್ರೋಗ್ರಾಮು ಎಚ್ಚತ್ತು, ಸುಮಾರು ಮುಕ್ಕಾಲು ಗಂಟೆಯಲ್ಲಿ ಬೇಡವಾದ ಷೇರುಗಳನ್ನು ಕೊಂಡು ಮಾರಿ ೪೪ ಕೋಟಿ ಡಾಲರುಗಳಷ್ಟು ನಷ್ಟವನ್ನುಂಟುಮಾಡಿತು. ೨೦೨೦ರ ಆಗಸ್ಟಿನಲ್ಲಿ ಸಿಟಿಬ್ಯಾಂಕಿನವರು, ರೆವ್ಲಾನ್ ಎಂಬ ಕಂಪನಿಗೆ ಸಾಲ ಕೊಟ್ಟಿದ್ದವರಿಗೆ ಸುಮಾರು ೭೮ ಲಕ್ಷ ಡಾಲರುಗಳ ಬಡ್ಡಿಯನ್ನು ಹಂಚಬೇಕಾಗಿದ್ದಾಗ, ತೆರೆಯ ಮೇಲಿನ ಕೆಲವು ಮನೆಗಳಲ್ಲಿ ಗುರುತು ಹಾಕುವುದನ್ನು ಬಿಟ್ಟು ಸುಮಾರು ೯೦ ಕೋಟಿ ಡಾಲರುಗಳನ್ನು ಕಳುಹಿಬಿಟ್ಟರು. ಒಬ್ಬರಲ್ಲ, ಮೂವರು ಅದನ್ನು ನೋಡಿ ಒಪ್ಪಿದ್ದರು! ಪಡೆದವರಲ್ಲಿ ಕೆಲವರು ಹಿಂದಿರುಗಿಸಲೊಲ್ಲದೆ ನ್ಯಾಯಾಲಯದವರೆಗೆ ಹೋಗಿ, ೨೦೨೨ರಲ್ಲಿ ಮೇಲಿನ ನ್ಯಾಯಾಲಯವು ಬ್ಯಾಂಕಿನ ಪಕ್ಷವಾಗಿ ತೀರ್ಪು ಕೊಟ್ಟಿತು. ಕಾಲೇಜಿನ ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿದರೆ ಎರಡು ಅಂಕಗಳು ಹೋಗುವುವು. ಇಲ್ಲಿ ಪರರ ಹಣವು ಹೋಗುವುದೆಂಬುದು ಹುಡುಗಿಗೆ ಆಗ ಹೊಳೆಯಿತಂತೆ.

ಇನ್ನೊಂದು ಆಶ್ಚರ್ಯವನ್ನೂ ಆಕೆಯು ಹೇಳಿದಳು. ದೊಡ್ಡ ಬ್ಯಾಂಕಿನಲ್ಲಿ ಎಲ್ಲವೂ ಹೊಚ್ಚಹೊಸದಾಗಿರುವುದೆಂದು ಆಕೆಯು ಎಣಿಸಿದ್ದಳು. ಹೋಗಿ ನೋಡಿದರೆ, ೧೯೫೯ರಲ್ಲಿ ಆರಂಭವಾದ ಕೋಬಾಲ್ ಎಂಬ ಭಾಷೆಯಲ್ಲಿ, ಆಕೆಯ ತಾಯಿಯು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬರೆದಿಟ್ಟ ಪ್ರೋಗ್ರಾಮುಗಳು ಈಗಲೂ ರಾತ್ರಿಯೆಲ್ಲ ಕೆಲಸ ಮಾಡುತ್ತಿರುವುವು. ಅವುಗಳನ್ನು ಮುಟ್ಟುವುದಕ್ಕೆ ದೊಡ್ಡವರೂ ಹಿಂಜರಿಯುವರು. ಇದನ್ನು ಕೇಳಿ ನಮ್ಮ ತಂದೆಯವರು, “ಹಳೆಯ ಮನೆಯ ತೊಲೆಯಂತೆ” ಎಂದು ಒಂದೇ ಮಾತು ಆಡಿದರು.

ನಮ್ಮ ತಂದೆಯವರ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಅವರಿಗೆ ಈಗ ಎಂಬತ್ತಾರು ವಯಸ್ಸು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು ೧೯೬೦ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಯಿತಷ್ಟೆ. ಅದರ ಮರುವರ್ಷವೇ ಇವರು ಗುಮಾಸ್ತೆಯಾಗಿ ಸೇರಿ, ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿಯೇ ದುಡಿದವರು. ೨೦೧೭ರ ಏಪ್ರಿಲ್ ೧ರಂದು ಆ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದ ದಿನ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಬ್ಯಾಂಕುಗಳಿಗೆ ಕಂಪ್ಯೂಟರುಗಳು ಬರುವುವೆಂದು ತಿಳಿದಾಗ ನೌಕರರು ಹೆದರಿದ್ದರು. ೧೯೮೩ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಒಡಂಬಡಿಕೆಯಾದ ಮೇಲೆಯೇ ಅದು ಸಾಗಿತು. ಇವರೂ ಕರಿಯ ಪಟ್ಟಿ ಕಟ್ಟಿಕೊಂಡು ನಿಂತವರೇ. ತರುವಾಯ ಲೆಡ್ಜರು ಬರೆಯುವ ಯಂತ್ರವು ಶಾಖೆಗೆ ಬಂದಾಗ ಮೊದಲು ಕಲಿತವರೂ ಇವರೇ. ಪ್ರೋಗ್ರಾಮನ್ನೇ ಬರೆದುಕೊಡುವ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ಮಕ್ಕಳ ಗತಿ ಏನೆಂದು ಚಿಂತಿಸುವ ತಂದೆತಾಯಿಗಳಿಗೆ, ಇಂತಹ ಚಿಂತೆಯು ಹಿಂದೆಯೂ ಒಮ್ಮೆ ಬಂದಿತ್ತೆಂಬುದು ತಿಳಿದಿರಲೆಂದು ಇಷ್ಟನ್ನು ಬರೆದೆವು.

ಈಗ ಹುಡುಗಿಯ ಕೆಲಸಕ್ಕೆ ಬರೋಣ. ಬ್ಯಾಂಕಿನ ಜೀವಾಳವು ತಾಳೆ ನೋಡುವುದರಲ್ಲಿದೆ. ನಮ್ಮ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಮೊದಲು ಖಿರ್ದಿಯಲ್ಲಿ ಜಮೆಯನ್ನೂ ಖರ್ಚನ್ನೂ ಕೂಡಿ ಕಳೆದು, ಉಳಿದ ಶಿಲ್ಕೂ ಪೆಟ್ಟಿಗೆಯಲ್ಲಿರುವ ಹಣವೂ ಒಂದೇ ಆಗಿದೆಯೇ ಎಂದು ನೋಡುವರಲ್ಲವೆ? ಬ್ಯಾಂಕು ಮಾಡುವುದೂ ಅದನ್ನೇ. ತನ್ನ ಪುಸ್ತಕದಲ್ಲಿ ‘ಇಷ್ಟು ಕಳುಹಿದೆ’ ಎಂದಿರುವುದಕ್ಕೂ, ಎದುರಿನ ಬ್ಯಾಂಕಿನ ಪುಸ್ತಕದಲ್ಲಿ ‘ಇಷ್ಟು ಬಂದಿತು’ ಎಂದಿರುವುದಕ್ಕೂ ಪ್ರತಿದಿನವೂ ತಾಳೆ ನೋಡಬೇಕು. ತಾಳೆಯಾಗದುವನ್ನು ಪಟ್ಟಿಮಾಡಿದರೆ, ಗುಮಾಸ್ತೆಗಳು ಒಂದೊಂದನ್ನೂ ಹಿಡಿದು ಕಾರಣವನ್ನು ಶೋಧಿಸುವರು. ಹಿಂದೆ ಸಂಜೆಗೆ ವ್ಯವಹಾರವು ನಿಲ್ಲುತ್ತಿತ್ತು, ತಾಳೆಗೆ ಬಿಡುವು ದೊರೆಯುತ್ತಿತ್ತು. ಈಗ ಹಾಗಿಲ್ಲ. ನಮ್ಮ ದೇಶದಲ್ಲಿಯೇ ಎನ್‌ಇಎಫ್‌ಟಿ ೨೦೧೯ರ ಡಿಸೆಂಬರಿನಿಂದಲೂ, ಆರ್‌ಟಿಜಿಎಸ್ ೨೦೨೦ರ ಡಿಸೆಂಬರಿನಿಂದಲೂ ಹಗಲಿರುಳು ನಡೆಯುತ್ತಿರುವುವು. ೨೦೧೬ರಲ್ಲಿ ಬಂದ ಯುಪಿಐ ಅಂತೂ ಸೊಪ್ಪಿನವಳ ಬುಟ್ಟಿಯವರೆಗೆ ಹೋಗಿದೆ. ಬ್ಯಾಂಕಿಗೆ ಈಗ ರಾತ್ರಿಯೇ ಇಲ್ಲ.

ತಾಳೆಯಾಗದ ಲೆಕ್ಕಗಳನ್ನು ವಿಂಗಡಿಸಿ, ಗುಮಾಸ್ತೆಗಳಿಗೆ ಸುಲಭವಾಗುವಂತೆ ಪಟ್ಟಿಮಾಡುವ ಒಂದು ಪ್ರೋಗ್ರಾಮನ್ನು ಬರೆಯುವುದು ಹುಡುಗಿಯ ಪಾಲಿಗೆ ಬಂದ ಕೆಲಸ. ಆಕೆಯ ಮೇಲ್ವಿಚಾರಕಿಯು ಹದಿನೈದು ವರ್ಷಗಳ ಅನುಭವವುಳ್ಳವರು, ಮಿತಭಾಷಿಗಳು. ಐದನೆಯ ವಾರದ ಹೊತ್ತಿಗೆ ಪ್ರೋಗ್ರಾಮು ಒಂದು ರೂಪಕ್ಕೆ ಬಂದಿತು. ಆದರೆ ಅದು ಕೊಡುತ್ತಿದ್ದ ಪಟ್ಟಿಯು ಮಾರುದ್ದವಾಗಿತ್ತು. ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದ ಲೆಕ್ಕಗಳೂ ಅದರಲ್ಲಿ ಬಂದು ಸೇರುತ್ತಿದ್ದುವು. ಒಂದು ರಾತ್ರಿ ಹನ್ನೊಂದು ಗಂಟೆಯವರೆಗೂ ನಮ್ಮ ಪಡಸಾಲೆಯಲ್ಲಿ ಕುಳಿತು ಆಕೆಯು ಅದರೊಡನೆ ಗುದ್ದಾಡಿದಳು. ಮರುದಿನದಿಂದ ಪಟ್ಟಿಯು ಒಂದು ಪುಟಕ್ಕೆ ಇಳಿಯಿತು. ಮೇಲ್ವಿಚಾರಕಿಯವರು, “ಅಚ್ಚುಕಟ್ಟಾಗಿದೆ” ಎಂದರಂತೆ. ಆ ದಿನ ಆಕೆಯು ಬರುವಾಗ ಗಾಂಧಿಬಜಾರಿನಲ್ಲಿ ಇಳಿದು ತಾತನಿಗೆ ಬಾಳೆಹಣ್ಣನ್ನೂ ಅತ್ತೆಗೆ ಮಲ್ಲಿಗೆಯನ್ನೂ ತಂದಳು.

ಒಂಬತ್ತನೆಯ ವಾರದ ಭಾನುವಾರ ರಾತ್ರಿ. ಬುಧವಾರ ಎಲ್ಲ ಉಮೇದುವಾರರೂ ತಮ್ಮ ತಮ್ಮ ಕೆಲಸವನ್ನು ದೊಡ್ಡ ಅಧಿಕಾರಿಗಳ ಮುಂದೆ ತೋರಿಸಬೇಕಾಗಿತ್ತು. ಖಾಯಂ ಕೆಲಸವನ್ನು ಯಾರಿಗೆ ಕೊಡಬೇಕೆಂಬುದು ಬಹುಮಟ್ಟಿಗೆ ಅಂದೇ ನಿಶ್ಚಯವಾಗುವುದೆಂದು ಹುಡುಗರಲ್ಲಿ ಮಾತಿತ್ತು. ಊಟವಾದ ಮೇಲೆ ಆಕೆಯು ತಾತನಿಗೆ ತನ್ನ ಕೆಲಸವನ್ನು, ಬ್ಯಾಂಕಿನ ಹೆಸರೂ ಅಂಕಿಗಳೂ ಬಾರದಂತೆ, ಸುಮ್ಮನೆ ಒಂದು ಅಂಗಡಿಯ ಲೆಕ್ಕದ ಉದಾಹರಣೆಯಿಂದ ವಿವರಿಸುತ್ತಿದ್ದಳು.

“ಮೊದಲು ಪಟ್ಟಿ ಬಹಳ ಉದ್ದ ಬರುತ್ತಿತ್ತು ತಾತ. ಕಂಪ್ಯೂಟರಿಗೆ ಹತ್ತನೆಯ ಒಂದು ಭಾಗವನ್ನು ಸರಿಯಾಗಿ ಬರೆಯಲು ಬರುವುದಿಲ್ಲ. ಅದು ಎಲ್ಲವನ್ನೂ ಎರಡು ಎರಡಾಗಿ ಸೀಳಿ ಎಣಿಸುತ್ತದೆ. ಅರ್ಧ, ಅದರಲ್ಲಿ ಅರ್ಧ, ಮತ್ತೆ ಅರ್ಧ.”

“ಅರೆ, ಕಾಲು, ಅರೆಕಾಲು, ವೀಸ” ಎಂದರು ತಂದೆಯವರು ತಟ್ಟನೆ. “ನಾವು ಕಾಲುಮಗ್ಗಿ, ಅರೆಮಗ್ಗಿ ಬಾಯಿಪಾಠ ಮಾಡಿದವರಮ್ಮ. ಹಾಗಾದರೆ ಅದಕ್ಕೆ ಆಣೆಯ ಲೆಕ್ಕ ಸರಿಹೋಗಬೇಕು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ.”

ಹುಡುಗಿಯು ಒಂದು ಕ್ಷಣ ಯೋಚಿಸಿ, ಕಣ್ಣರಳಿಸಿ, “ಹೌದು ತಾತ! ಆಣೆಯನ್ನು ಅದು ಸ್ವಲ್ಪವೂ ತಪ್ಪಿಲ್ಲದೆ ಬರೆಯುತ್ತದೆ. ತೊಂದರೆಯೆಲ್ಲ ನೂರು ಪೈಸೆಯ ರೂಪಾಯಿಯದು” ಎಂದಳು.

ವಾಚಕರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುವೆವು. ಒಂದನ್ನು ಮೂರರಿಂದ ಭಾಗಿಸಿ ದಶಾಂಶದಲ್ಲಿ ಬರೆಯಹೊರಟರೆ ೩, ೩, ೩ ಎಂದು ಮುಗಿವಿಲ್ಲದೆ ಬರುವುದಷ್ಟೆ. ಎರಡರ ಲೆಕ್ಕದಲ್ಲಿ ಎಣಿಸುವ ಕಂಪ್ಯೂಟರಿಗೆ ಹತ್ತನೆಯ ಒಂದು ಭಾಗವೂ, ನೂರನೆಯ ಒಂದು ಭಾಗವೂ ಅದೇ ರೀತಿಯವು. ಅದು ಎಲ್ಲಿಯೋ ಒಂದು ಕಡೆ ಕತ್ತರಿಸಿ ನಿಲ್ಲಿಸುವುದು. ಆದಕಾರಣ ಹತ್ತು ಪೈಸೆಗೆ ಇಪ್ಪತ್ತು ಪೈಸೆಯನ್ನು ರೂಪಾಯಿಯ ದಶಾಂಶದಲ್ಲಿ ಕೂಡಿಸಲು ಹೇಳಿದರೆ, ಮೂವತ್ತು ಪೈಸೆಯಾದ ಮೇಲೆ ಹದಿನೇಳನೆಯ ಸ್ಥಾನದಲ್ಲಿ ಒಂದು ೪ನ್ನು ಉಳಿಸಿಬಿಡುವುದು. ಮನುಷ್ಯನಿಗೆ ಅದು ಏನೂ ಅಲ್ಲ. ಯಂತ್ರಕ್ಕೆ ಮಾತ್ರ ಎರಡು ಲೆಕ್ಕಗಳು ಬೇರೆ ಬೇರೆಯೇ. ಇದಕ್ಕೆ ಬಲ್ಲವರು ಮಾಡುವ ಉಪಾಯವೆಂದರೆ, ರೂಪಾಯಿಯ ಭಿನ್ನಗಳನ್ನು ಬಿಟ್ಟು ಎಲ್ಲವನ್ನೂ ಇಡಿಯ ಪೈಸೆಗಳಲ್ಲಿ ಎಣಿಸುವುದು, ಇಲ್ಲವೆ ಹಣದ ಲೆಕ್ಕಕ್ಕೆಂದೇ ಇರುವ ದಶಮಾನ ರೀತಿಯನ್ನು ಬಳಸುವುದು. ಈ ಪೈಸೆಯೂ ಬಹಳ ಹಳೆಯದಲ್ಲ. ರೂಪಾಯಿಯನ್ನು ನೂರು ಭಾಗ ಮಾಡಿದ್ದು ೧೯೫೭ರ ಏಪ್ರಿಲ್ ೧ರಿಂದ. ಅಂದು ನಮ್ಮ ತಂದೆಯವರು ಹದಿನೆಂಟರ ಹುಡುಗರು.

“ಆಮೇಲೆ ಪಟ್ಟಿ ಹೇಗೆ ಚಿಕ್ಕದಾಯಿತು?” ಎಂದು ಅವರು ಕೇಳಿದರು.

“ಒಂದು ರೂಪಾಯಿಗಿಂತ ಕಡಮೆಯ ವ್ಯತ್ಯಾಸವಿದ್ದರೆ ಸರಿಯೆಂದು ತಿಳಿ ಅಂತ ಬರೆದೆ.”

ತಂದೆಯವರು ಕನ್ನಡಕವನ್ನು ತೆಗೆದು ಒರಸಿಕೊಂಡರು. “ಎಂಬತ್ತು ಪೈಸೆ ವ್ಯತ್ಯಾಸ ನಿಜವಾಗಿಯೇ ಇದ್ದರೆ ಅದು ಎಲ್ಲಿ ಹೋಯಿತು, ಮಗು?” ಎಂದರು.

ಹುಡುಗಿಯು ಉತ್ತರ ಹೇಳಲಿಲ್ಲ. ತಂದೆಯವರು ಗದರಿಸುವವರಲ್ಲ. ಮೆಲ್ಲನೆ ತಮ್ಮ ಶಾಖೆಯ ಹಳೆಯ ದಿನಗಳನ್ನು ಹೇಳಿದರು. ಸಂಜೆ ಹತ್ತು ಪೈಸೆಗೆ ತಾಳೆ ತಪ್ಪಿದರೂ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಆ ಹತ್ತು ಪೈಸೆಯನ್ನು ಜೇಬಿನಿಂದ ಹಾಕಿ ಮುಗಿಸೋಣವೆಂದು ಹೊಸಬರು ಅಂದರೆ ಹಿರಿಯ ಗುಮಾಸ್ತೆಯು ಪುಸ್ತಕವನ್ನು ಮುಚ್ಚಗೊಡುತ್ತಿರಲಿಲ್ಲ. ಏಕೆಂದರೆ ಹತ್ತು ಪೈಸೆಯ ವ್ಯತ್ಯಾಸವು ಹತ್ತು ಪೈಸೆಯ ತಪ್ಪೇ ಆಗಿರಬೇಕೆಂದಿಲ್ಲ. ಒಂದು ಕಡೆ ಸಾವಿರ ಹೆಚ್ಚಿ, ಇನ್ನೊಂದು ಕಡೆ ಸಾವಿರಕ್ಕೆ ಹತ್ತು ಪೈಸೆ ಕಡಮೆಯಾಗಿ, ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮರೆಮಾಡಿರಬಹುದು. ಇನ್ನೂ ಒಂದು ಕೈಗುಣದ ಮಾತನ್ನು ಹೇಳಿದರು: ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ, ಎರಡು ಅಂಕಿಗಳು ಹಿಂದುಮುಂದಾಗಿರಬಹುದೆಂದು ಮೊದಲು ಶಂಕಿಸಬೇಕು. ೫೪ರ ಕಡೆ ೪೫ ಬಿದ್ದರೆ ವ್ಯತ್ಯಾಸ ೯. ಅಂಕಿಗಳು ಯಾವುವೇ ಆಗಲಿ, ಅಕ್ಕಪಕ್ಕದವು ಅದಲುಬದಲಾದರೆ ಅದು ಒಂಬತ್ತರ ಮಗ್ಗಿಯಲ್ಲಿಯೇ ಇರುವುದು.

ಇನ್ನು ನಮ್ಮ ತಪ್ಪು. ತಂದೆಯವರು ಮಲಗಲು ಹೋದ ಮೇಲೆ ಹುಡುಗಿಯು ನಮ್ಮ ಬಳಿಗೆ ಬಂದು, “ಮಾವ, ಏನು ಮಾಡಲಿ? ಈಗ ಅದನ್ನು ತೆಗೆದರೆ ಪಟ್ಟಿ ಮತ್ತೆ ಹೇಗಾಗುತ್ತದೋ ಗೊತ್ತಿಲ್ಲ. ಬುಧವಾರಕ್ಕೆ ಸರಿಹೋಗದಿದ್ದರೆ?” ಎಂದಳು. ಆಕೆಯ ತಂದೆಯು ಫೀಜಿಗಾಗಿ ಬ್ಯಾಂಕಿನಿಂದ ಸಾಲ ತೆಗೆದಿರುವುದನ್ನು ನಾವು ಬಲ್ಲೆವು; ಆಕೆಗೆ ತಮ್ಮನೊಬ್ಬನು ಇರುವನು; ಈ ಕೆಲಸವು ಖಾಯಂ ಆದರೆ ಆ ಮನೆಯ ಭಾರವೆಷ್ಟು ಇಳಿಯುವುದೆಂಬ ಲೆಕ್ಕವು ನಮ್ಮ ತಲೆಯಲ್ಲಿತ್ತು. ನಾವು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವೆವು: “ತಾಲೀಮಿನ ಲೆಕ್ಕ ತಾನೆ? ಯಾರ ಹಣವೂ ಹೋಗಿಲ್ಲ. ಬುಧವಾರ ಕಳೆಯಲಿ. ಆಮೇಲೆ ಹೇಳಿದರಾಯಿತು.” ಗೃಹಸ್ಥರಿಗೆ ಪ್ರತಿ ತಿಂಗಳೂ ಬುದ್ಧಿ ಹೇಳುವ ಈ ಲೇಖನಿಯನ್ನು ಹಿಡಿದ ಕೈಯೇ ಅಂದು ಆ ಹುಡುಗಿಯ ಬೆನ್ನನ್ನು ತಟ್ಟಿ ಮಲಗಲು ಕಳುಹಿತು.

ಬೆಳಗ್ಗೆ ನಾವು ಏಳುವುದಕ್ಕೆ ಮುಂಚೆಯೇ ಆಕೆಯು ಹೊರಟುಹೋಗಿದ್ದಳು. ಹೋದವಳು ನೇರವಾಗಿ ಮೇಲ್ವಿಚಾರಕಿಯವರಿಗೆ ನಡೆದುದನ್ನೆಲ್ಲ ಹೇಳಿದಳು. ಅವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. “ಸಣ್ಣ ವ್ಯತ್ಯಾಸಗಳನ್ನು ಬಿಡುವ ಪದ್ಧತಿ ಎಷ್ಟೋ ಕಡೆ ಉಂಟು. ಆದರೆ ಎಷ್ಟನ್ನು ಬಿಡಬೇಕೆಂಬುದನ್ನು ಲೆಕ್ಕದ ವಿಭಾಗದವರು ಒಪ್ಪಿ ಬರೆದುಕೊಡಬೇಕು. ಬಿಟ್ಟದ್ದೆಲ್ಲ ಬೇರೆ ಒಂದು ಕಡೆ ಕಾಣುವಂತೆ ಕೂಡುತ್ತಿರಬೇಕು. ನೀನು ಬಿಟ್ಟದ್ದು ಯಾರಿಗೂ ಕಾಣುವಂತಿರಲಿಲ್ಲ” ಎಂದರಂತೆ. ಅವರ ಮಾತಿನಲ್ಲಿ ಆಕೆಗೆ ನಾಟಿದ್ದು ಈ ಕಡೆಯ ವಾಕ್ಯವೇ.

ಸೋಮವಾರ, ಮಂಗಳವಾರ ಎರಡು ದಿನ ಕುಳಿತು ಹುಡುಗಿಯು ಎಲ್ಲ ಮೊತ್ತಗಳನ್ನೂ ಇಡಿಯ ಸೆಂಟುಗಳಾಗಿ ಎಣಿಸುವಂತೆ ಪ್ರೋಗ್ರಾಮನ್ನು ತಿದ್ದಿದಳು. ಸುಳ್ಳು ವ್ಯತ್ಯಾಸಗಳು ತಾವಾಗಿ ಹೋದುವು. ನಿಜವಾದುವು ಉಳಿದುವು, ಪಟ್ಟಿಯು ಒಂದು ಪುಟವಿದ್ದುದು ನಾಲ್ಕು ಪುಟವಾಯಿತು. ಅವುಗಳಲ್ಲಿ ೪೫ ಸೆಂಟುಗಳ ವ್ಯತ್ಯಾಸವುಳ್ಳ ಒಂದು ಖಾತೆಯನ್ನು ಆಕೆಯು ಬಿಡಿಸಿ ನೋಡಿದಳು. ಒಳಗೆ ೮೯೯ ಡಾಲರು ೫೫ ಸೆಂಟಿನ ಒಂದು ರಕಮು ಎರಡು ಸಲ ಜಮೆಯಾಗಿತ್ತು. ಅದನ್ನು ತೆಗೆದರೆ ಸರಿಯಾಗಿ ೯೦೦ ಡಾಲರು ಕಡಮೆ ಬಿದ್ದಿತು. ತಾತನ ಒಂಬತ್ತು ನೆನಪಿಗೆ ಬಂದು ಹುಡುಕಿದಳು. ೫೪೦೦ ಎಂದಿರಬೇಕಾದ ಕಡೆ ೪೫೦೦ ಎಂದಿತ್ತು. ತಾಲೀಮಿಗಾಗಿ ಅದನ್ನು ಬೇಕೆಂದೇ ಬೆರೆಸಿದ್ದರೋ, ನಿಜವಾದ ಲೆಕ್ಕವನ್ನು ಬದಲುಮಾಡುವಾಗ ಹಾಗೆಯೇ ಬಂದಿತ್ತೋ ಆಕೆಗೆ ತಿಳಿಯದು. ಆಕೆಯ ಹಿಂದಿನ ಅಚ್ಚುಕಟ್ಟಾದ ಪಟ್ಟಿಯಲ್ಲಿ ಆ ಖಾತೆಯ ಹೆಸರೇ ಇರಲಿಲ್ಲ.

ಬುಧವಾರ ಬಂದಿತು. ಬೇರೆ ಉಮೇದುವಾರರು ಬಣ್ಣಬಣ್ಣದ ನಕ್ಷೆಗಳನ್ನು ತೋರಿಸಿದರು. ಎರಡು ದಿನಗಳೂ ತಿದ್ದುವುದರಲ್ಲಿಯೇ ಕಳೆದುದರಿಂದ ಹುಡುಗಿಯು ತಾನು ಯೋಚಿಸಿದ್ದ ಅಂದಚಂದವನ್ನೇನೂ ಸಿದ್ಧಪಡಿಸಲಾಗಲಿಲ್ಲ. ತನ್ನ ನಾಲ್ಕು ಪುಟದ ಪಟ್ಟಿಯನ್ನೂ, ಮೊದಲು ತಾನು ಮಾಡಿದ್ದ ತಪ್ಪನ್ನೂ, ಆ ಒಂದು ಖಾತೆಯನ್ನೂ ತೋರಿಸಿ ಕುಳಿತಳು. ಒಬ್ಬ ಅಧಿಕಾರಿಯು ಎರಡು ಪ್ರಶ್ನೆ ಕೇಳಿದನು. ಮತ್ತೊಬ್ಬನು ಗಡಿಯಾರ ನೋಡಿದನು. ಹತ್ತನೆಯ ವಾರದ ಕೊನೆಗೆ ಪ್ರಮಾಣಪತ್ರವನ್ನು ಕೊಟ್ಟು ಎಲ್ಲರನ್ನೂ ಬೀಳ್ಕೊಟ್ಟರು. ಖಾಯಂ ಕೆಲಸದ ಪತ್ರವು ಕೆಲವರಿಗೆ ಬಂದಿದೆ. ನಾವು ಇದನ್ನು ಬರೆಯುವ ಹೊತ್ತಿಗೆ ಆಕೆಗೆ ಬಂದಿಲ್ಲ.

ಹೀಗೆ ಬರೆಯುವಾಗ, ಸತ್ಯಕ್ಕೆ ಕೂಡಲೆ ಬಹುಮಾನ ದೊರೆತ ಕಥೆಯನ್ನು ಹೇಳಿದ್ದರೆ ವಾಚಕರಿಗೂ ನಮಗೂ ಹಿತವಾಗುತ್ತಿತ್ತೆಂದು ಅನ್ನಿಸದೆ ಇಲ್ಲ. ಆದರೆ ನಡೆದುದು ಇಷ್ಟು. ಆಕೆಯ ತಪ್ಪೊಪ್ಪಿಗೆಯೇ ಕೆಲಸವನ್ನು ತಪ್ಪಿಸಿತೆಂದೂ ನಾವು ಹೇಳಲಾರೆವು. ಜಾಗಗಳು ಕಡಮೆ, ಉಮೇದುವಾರರು ಬಹಳ. ಹಾಸನದಿಂದ ಆಕೆಯ ತಂದೆಯು ಎರಡು ದಿನಕ್ಕೊಮ್ಮೆ ಫೋನುಮಾಡಿ ಕೇಳುತ್ತಿದ್ದುದು, “ಲೆಟರ್ ಬಂತೇನಮ್ಮ?” ಎಂಬುದೊಂದನ್ನೇ. ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಸಾಲದ ಕಂತನ್ನು ಕಟ್ಟುವವನಿಗೆ ಆ ಪ್ರಶ್ನೆಯು ಬಾಯಿಗೆ ಮೊದಲು ಬರುವುದು ನ್ಯಾಯವೇ. ಆದರೆ ಅದರ ತರುವಾಯ ಇನ್ನೊಂದು ಪ್ರಶ್ನೆಯು ಬಾರದೆ ಹೋದರೆ ಮಕ್ಕಳು ಏನನ್ನು ಕಲಿಯುವರು? ಅಂದು ರಾತ್ರಿ ಹುಡುಗಿಯು ನಮ್ಮನ್ನು ಕೇಳಿದ್ದು ಕಂಪ್ಯೂಟರಿನ ವಿಷಯವನ್ನಲ್ಲ. ಮನೆಯ ಹಿರಿಯರ ತಕ್ಕಡಿಯಲ್ಲಿ ಯಾವುದು ಭಾರವೆಂದು ಕೇಳಿದಳು. ನಾವು ತೂಗಿದ್ದು ಸರಿಯಾಗಲಿಲ್ಲ. ತಾಲೀಮಿನ ಲೆಕ್ಕದಲ್ಲಿ ಯಾರ ಹಣವೂ ಹೋಗದೆಂಬುದು ನಿಜ. ಆದರೆ ಕೈಗೆ ಅಭ್ಯಾಸವಾಗುವುದು ತಾಲೀಮಿನಲ್ಲಿಯೇ ಅಲ್ಲವೆ?

ಮುಂದಿನ ಬೇಸಗೆಗೆ ಮಕ್ಕಳನ್ನು ಕಳುಹುವ ಗೃಹಸ್ಥರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಇಂತಹ ಉಮೇದುವಾರಿಗೆ ಒ೦ದು ಕಾಸನ್ನೂ ಯಾರಿಗೂ ಮುಂಗಡವಾಗಿ ಕೊಡಬೇಡಿರಿ. ಹಣ ಕಟ್ಟಿದರೆ ದೊಡ್ಡ ಬ್ಯಾಂಕಿನಲ್ಲಿ ಜಾಗ ಕೊಡಿಸುವೆವೆಂದು ಬರುವ ಪತ್ರಗಳು ಮೋಸದವು. ನಮ್ಮ ಹುಡುಗಿಗೆ ಜಾಗ ದೊರೆತದ್ದು ಕಾಲೇಜಿನ ಮೂಲಕ, ಒಂದು ಲಿಖಿತ ಪರೀಕ್ಷೆ, ಎರಡು ಸಂದರ್ಶನಗಳ ತರುವಾಯ. ಕೆಲಸದ ಒಳಗುಟ್ಟನ್ನು ಮಕ್ಕಳಿಂದ ಕೆದಕಿ ಕೇಳಬೇಡಿರಿ. ಕಟ್ಟಡದ ಒಳಗಿನ ಚಿತ್ರವನ್ನು ಕಳುಹೆಂದು ಪೀಡಿಸಬೇಡಿರಿ. ಬ್ಯಾಂಕಿನವರಿಗೆ ಇದು ಬಹಳ ಗಂಭೀರವಾದ ವಿಷಯ. ಬಂದ ಸಂಬಳವನ್ನು ಮಕ್ಕಳ ಹೆಸರಿನ ಖಾತೆಯಲ್ಲಿಯೇ ಇರಿಸಿ, ಖರ್ಚನ್ನು ಅವರೇ ಬರೆದಿಡುವಂತೆ ಮಾಡಿರಿ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯುವ ಮಗುವಿಗೆ ರಾತ್ರಿ ಬಿಸಿ ಊಟವೂ ಮೌನವೂ ಬೇಕೆಂಬುದನ್ನು ಮರೆಯಬೇಡಿರಿ. ಮನೆಯಲ್ಲಿ ಹಳೆಯ ಲೆಕ್ಕವನ್ನು ಬಲ್ಲ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಮಗುವನ್ನು ಕುಳ್ಳಿರಿಸಿರಿ. ಯಂತ್ರವು ಬದಲಾದರೂ ಲೆಕ್ಕವು ಹಾದಿ ತಪ್ಪುವ ರೀತಿಯು ಅಷ್ಟಾಗಿ ಬದಲಾಗಿಲ್ಲ.

ಹುಡುಗಿಯು ಹಾಸನಕ್ಕೆ ಹೊರಡುವ ಹಿಂದಿನ ದಿನ ನಾವು ಆಕೆಯನ್ನು ಕರೆದು, ಆ ರಾತ್ರಿ ತಪ್ಪು ಹೇಳಿದೆವೆಂದು ಒಪ್ಪಿಕೊಂಡೆವು. ಆಕೆಯು, “ಬಿಡಿ ಮಾವ. ನೀವು ಹಾಗೆ ಹೇಳಿದಾಗ ನನಗೂ ಹಾಯೆನಿಸಿತು. ಹಾಯೆನಿಸಿದ್ದರಿಂದಲೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ” ಎಂದಳು.

ತಿಂಗಳ ಕೊನೆಯ ದಿನ ನಮ್ಮ ತಂದೆಯವರು ಎಂದಿನಂತೆ ಮನೆಯ ಲೆಕ್ಕದ ಪುಸ್ತಕವನ್ನು ತೆಗೆದರು. ಮೂರು ರೂಪಾಯಿಗೆ ತಾಳೆಯಾಗಲಿಲ್ಲ. ಹಿಂದಿನ ತಿಂಗಳಾಗಿದ್ದರೆ ನಾವು, “ಹೋಗಲಿ ಬಿಡಿ ಅಪ್ಪ, ಮೂರು ರೂಪಾಯಿ” ಎನ್ನುತ್ತಿದ್ದೆವು. ಈ ಸಲ ಕುರ್ಚಿಯನ್ನು ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತು, ಹಾಲಿನ ಚೀಟಿಗಳಿಂದ ಮೊದಲುಮಾಡಿದೆವು.